ಯೆಹೂದಿ ಬಲಿಶಾಸ್ತ್ರ ಓದುವುದು ಹೇಗೆ? ಕೊದಾಶಿಮ್‌ಗೆ ಮೊದಲ ಸಲ ಕೈಹಾಕುವವರಿಗೆ

"ತಾಲ್ಮುದ್‌ನ ಬಲಿಯ ಭಾಗ ಓದಬೇಕು ಅಂದುಕೊಂಡಿದ್ದೇನೆ, ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಬೈಬಲ್ ಓದುತ್ತಾ ಯಾಜಕಕಾಂಡದ ಹತ್ತಿರ ನಿಂತುಹೋದವರಿದ್ದಾರೆ, ಪೂರ್ವಮೀಮಾಂಸೆಯ ರುಚಿ ಹತ್ತಿದವರಿದ್ದಾರೆ, ಧರ್ಮಗಳ ಇತಿಹಾಸ ಓದುವ ವಿದ್ಯಾರ್ಥಿಗಳೂ ಇದ್ದಾರೆ. ಬಹುತೇಕರ ಕಥೆ ಒಂದೇ. ಮೊದಲ ಗ್ರಂಥದ ಮೊದಲ ಪುಟದಿಂದ ಹೊರಟು, ತಲೆಬುಡ ಗೊತ್ತಾಗದೆ, ಒಂದೆರಡು ವಾರದಲ್ಲಿ ಕೈಬಿಟ್ಟಿರುತ್ತಾರೆ. ಓದುವ ಕ್ರಮ ಬದಲಾಯಿಸಿದರೆ ಇದೇ ಶಾಸ್ತ್ರ ಎಷ್ಟು ಸ್ಪಷ್ಟವಾಗಿ ತೆರೆದುಕೊಳ್ಳುತ್ತದೆ ಎಂದು ತೋರಿಸುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಹಿನ್ನೆಲೆ, ಚಿಕ್ಕದಾಗಿ. ಜೆರುಸಲೇಮಿನ ದೇವಾಲಯವನ್ನು ರೋಮನ್ನರು ಕ್ರಿ.ಶ. 70ರಲ್ಲಿ ಸುಟ್ಟುಹಾಕಿದರು. ಬಲಿ ನಿಂತಿತು. ಆಮೇಲೆ ಸುಮಾರು 200ರ ಹೊತ್ತಿಗೆ ರಬ್ಬಿ ಯೆಹೂದಾ ಹನಾಸಿ ಮೌಖಿಕ ಸಂಪ್ರದಾಯವನ್ನು ಆರು ವಿಭಾಗಗಳಲ್ಲಿ ಕಟ್ಟಿಕೊಟ್ಟರು. ಅದು ಮಿಷ್ನಾ. ಅದರ ಐದನೆಯ ವಿಭಾಗವೇ ಕೊದಾಶಿಮ್, ಎಂದರೆ ಪವಿತ್ರ ವಸ್ತುಗಳು. ಒಂದೊಂದು ವಿಭಾಗದಲ್ಲೂ ಹಲವು ಗ್ರಂಥಗಳಿವೆ. ಮಿಷ್ನಾದ ಮೇಲೆ ಮುಂದಿನ ತಲೆಮಾರುಗಳ ಪಂಡಿತರು ನಡೆಸಿದ ಚರ್ಚೆ ಗೆಮಾರಾ. ಎರಡೂ ಸೇರಿ ತಾಲ್ಮುದ್. ಅಂದರೆ ನೀವು ಓದಲಿರುವುದು, ದೇವಾಲಯ ಬಿದ್ದು ನೂರಾರು ವರ್ಷಗಳಾದ ಮೇಲೂ ಅದು ನಾಳೆ ಬೆಳಿಗ್ಗೆ ಬಾಗಿಲು ತೆರೆಯುತ್ತದೆ ಎಂಬಷ್ಟು ಕರಾರುವಾಕ್ಕಾಗಿ ಕಟ್ಟಿದ ಶಾಸ್ತ್ರ. ಬಲಿಯ ವಿಧಿಗಳನ್ನು ಅಧ್ಯಯನ ಮಾಡಿದವನು ಬಲಿ ಕೊಟ್ಟ ಹಾಗೆಯೇ ಎಂಬ ಮಾತು ತಾಲ್ಮುದ್‌ನಲ್ಲೇ, ಮೆನಾಖೋತ್ ಗ್ರಂಥದ ಕೊನೆಯ ಪುಟದಲ್ಲಿದೆ. ಈ ವಿಭಾಗವನ್ನು ಓದಿದವರು ಯಾಕೆ ಇಷ್ಟು ಶ್ರದ್ಧೆಯಿಂದ ಓದಿದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಏನೇನು ಬೇಕು

ಒಂದು ಕನ್ನಡ ಬೈಬಲ್. ಮಿಷ್ನಾದ ಹೀಬ್ರೂ ಮೂಲವೂ ಇಂಗ್ಲಿಷ್ ಅನುವಾದವೂ ಅಕ್ಕಪಕ್ಕ ಇರುವ ಪಠ್ಯ. ಸೆಫಾರಿಯಾ ಎಂಬ ಜಾಲತಾಣದಲ್ಲಿ ಇದು ಉಚಿತವಾಗಿ ಸಿಗುತ್ತದೆ, ಬ್ಯಾಬಿಲೋನಿಯನ್ ತಾಲ್ಮುದ್ ಕೂಡ ಅಲ್ಲೇ ಇದೆ. ಒಂದು ಚೌಕುಳಿ ಗೆರೆಯ ಗ್ರಾಫ್ ಪುಸ್ತಕ, ಕೆಂಪು ಪೆನ್ಸಿಲ್ ಒಂದು. ಗ್ರಾಫ್ ಪುಸ್ತಕ ಯಾಕೆ ಎಂದು ಕೇಳಿ ಅದನ್ನು ಬಿಟ್ಟುಬಿಡುವವರೇ ಹೆಚ್ಚು, ದಯವಿಟ್ಟು ಬಿಡಬೇಡಿ. ಎರಡನೆಯ ಹಂತ ಪೂರ್ತಿ ಅದರ ಮೇಲೆ ನಿಂತಿದೆ.

ಹೀಬ್ರೂ ಬರಲೇಬೇಕೆಂದಿಲ್ಲ. ಆದರೆ 22 ಅಕ್ಷರ ಕಲಿತುಬಿಟ್ಟರೆ ಒಂದೇ ಪದ ಎಲ್ಲೆಲ್ಲಿ ಮತ್ತೆ ಬರುತ್ತದೆ ಎಂದು ಕಣ್ಣಿಗೆ ಬೀಳುತ್ತದೆ, ಅಷ್ಟು ಸಾಕು. ಇಂಗ್ಲಿಷ್ ಲಿಪಿಯಲ್ಲಿ ಹುಡುಕುವಾಗ ಎಚ್ಚರ: ಒಂದೇ ಗ್ರಂಥದ ಹೆಸರನ್ನು ಮೂರು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಸಿಗಲಿಲ್ಲವೆಂದರೆ ಖ ಕಾರದ ಕಾಗುಣಿತ ಬದಲಿಸಿ ನೋಡಿ.

ರಕ್ತ, ಕೊಬ್ಬು, ಚರ್ಮ ಪುಟಪುಟದಲ್ಲೂ ಬರುತ್ತವೆ. ಪ್ರಾಣಿಬಲಿಯ ಬಗ್ಗೆ ನಿಮ್ಮ ನಿಲುವು ಏನೇ ಇರಲಿ, ಅದನ್ನು ಬಿಟ್ಟುಕೊಟ್ಟು ಓದಬೇಕಾಗಿಲ್ಲ. ಯೆಹೂದಿ ಚಿಂತಕರೊಳಗೇ ಈ ಬಗ್ಗೆ ದೊಡ್ಡ ವಾದವಿದೆ. ಹನ್ನೆರಡನೆಯ ಶತಮಾನದ ರಂಬಾಮ್ (ಮೈಮೊನಿಡಿಸ್ ಎಂದೂ ಕರೆಯುತ್ತಾರೆ) ತಮ್ಮ ದಾರ್ಶನಿಕ ಗ್ರಂಥದಲ್ಲಿ, ಸುತ್ತಲಿನ ಜನರೆಲ್ಲ ಬಲಿ ಕೊಡುತ್ತಿದ್ದ ಕಾಲದಲ್ಲಿ ಇಸ್ರಾಯೇಲರನ್ನು ಒಮ್ಮೆಲೇ ಅದರಿಂದ ಬಿಡಿಸಲಾಗದೆ ದೇವರು ಅದನ್ನು ತನ್ನ ಕಡೆಗೆ ತಿರುಗಿಸಿಕೊಂಡ ಎಂದರು. ಮುಂದಿನ ಶತಮಾನದ ರಂಬಾನ್ (ನಹ್ಮನಿಡಿಸ್, ಹೆಸರು ಹೋಲುತ್ತದೆ, ಆದರೆ ಬೇರೆಯವರು) ಇದನ್ನು ಕಟುವಾಗಿ ವಿರೋಧಿಸಿದರು. ಆದರೆ ಹಾಗೆ ಹೇಳಿದ ರಂಬಾಮರೇ ಮಿಷ್ನೆ ತೋರಾ ಎಂಬ ತಮ್ಮ ಧರ್ಮಸಂಹಿತೆಯಲ್ಲಿ ಬಲಿಯ ಒಂದೊಂದು ವಿಧಿಯನ್ನೂ ಬಿಡದೆ ಬರೆದಿಟ್ಟರು ಎಂಬುದು ಗಮನಿಸಬೇಕಾದ ಸಂಗತಿ.

ಹಂತ 1: ಯಾಜಕಕಾಂಡದ ಮೊದಲ ಏಳು ಅಧ್ಯಾಯ

ಮಿಷ್ನಾ ಏನನ್ನೂ ಮೊದಲಿನಿಂದ ಹೇಳುವುದಿಲ್ಲ. ಬೈಬಲ್ ನಿಮಗೆ ಬಾಯಿಪಾಠವಿದೆ ಎಂದೇ ಅದು ಮಾತು ಶುರು ಮಾಡುತ್ತದೆ. ಹಾಗಾಗಿ ಯಾಜಕಕಾಂಡ 1ರಿಂದ 7 ಎರಡು ಕಂತಿನಲ್ಲಿ ಓದಿ. ಮೊದಲ ಸಲ 1ರಿಂದ 5: ಯಾವ ಕಾಣಿಕೆ, ಯಾರು ತರುತ್ತಾರೆ, ಯಾವ ಕಾರಣಕ್ಕೆ. ಎರಡನೆಯ ಸಲ 6 ಮತ್ತು 7: ಅದನ್ನು ಯಾಜಕರು ಏನು ಮಾಡಬೇಕು, ಯಾರು ತಿನ್ನಬಹುದು.

ಓದುವಾಗ ಈ ಆರು ಹೆಸರುಗಳನ್ನು ಹೀಬ್ರೂವಿನಲ್ಲೇ ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲ ಕಡೆ ಇವೇ ಬರುತ್ತವೆ. ಓಲಾ: ಪೂರ್ತಿ ಸುಡುವ ಬಲಿ, ಕನ್ನಡ ಬೈಬಲ್‌ನ ಸರ್ವಾಂಗಹೋಮ. ಮಿನ್ಖಾ: ಹಿಟ್ಟು, ಎಣ್ಣೆ, ಧೂಪದ ಕಾಣಿಕೆ. ಶೆಲಾಮಿಮ್: ಸಮಾಧಾನಯಜ್ಞ, ಕೊಬ್ಬು ವೇದಿಗೆ, ಎದೆ ಮತ್ತು ತೊಡೆ ಯಾಜಕನಿಗೆ, ಉಳಿದ ಮಾಂಸ ತಂದವನಿಗೆ. ತೋದಾ: ಕೃತಜ್ಞತೆಗೆ ತರುವ ಶೆಲಾಮಿಮ್, ಜೊತೆಗೆ ರೊಟ್ಟಿಗಳು. ಖತಾತ್: ಅರಿಯದೆ ಮಾಡಿದ ಪಾಪಕ್ಕೆ. ಆಶಾಮ್: ಕೆಲವು ನಿರ್ದಿಷ್ಟ ಅಪರಾಧಗಳಿಗೆ.

ಎಡವುವ ಜಾಗ ಒಂದಿದೆ. ಹೀಬ್ರೂ ಪಠ್ಯದಲ್ಲಿ 5ನೇ ಅಧ್ಯಾಯ 26 ವಚನಗಳವರೆಗೆ ಹೋಗುತ್ತದೆ. ನಮ್ಮ ಬೈಬಲ್‌ಗಳಲ್ಲಿ ಅದರ ಕೊನೆಯ ಏಳು ವಚನಗಳು 6ನೇ ಅಧ್ಯಾಯಕ್ಕೆ ಸೇರಿವೆ. ಹಾಗಾಗಿ ಯೆಹೂದಿ ವ್ಯಾಖ್ಯಾನದಲ್ಲಿ 6:1 ಎಂದಿದ್ದರೆ ನೀವು 6:8 ತೆರೆಯಬೇಕು. ಇದು ಗೊತ್ತಿಲ್ಲದೆ "ಉಲ್ಲೇಖವೇ ತಪ್ಪು" ಎಂದುಕೊಳ್ಳುವವರು ಬಹಳ.

ಹಂತ 2: ವೇದಿಯ ನಕ್ಷೆ ಬರೆಯಿರಿ

ನನ್ನ ಮಟ್ಟಿಗೆ ಇಡೀ ಕೊದಾಶಿಮ್‌ನ ಕೀಲಿಕೈ ಇರುವುದು ಇಲ್ಲೇ. ಈ ಶಾಸ್ತ್ರದ ಅರ್ಧದಷ್ಟು ವಿಧಿಗಳು ಜಾಗದ ಪ್ರಶ್ನೆಗಳು: ಎಲ್ಲಿ ಕೊಯ್ಯಬೇಕು, ರಕ್ತ ಯಾವ ಮೂಲೆಗೆ, ಗೆರೆಯ ಮೇಲೋ ಕೆಳಗೋ. ಕಣ್ಣೆದುರು ನಕ್ಷೆ ಇಲ್ಲದಿದ್ದರೆ ಇವೆಲ್ಲ ಅರ್ಥವಿಲ್ಲದ ಹಟದ ಹಾಗೆ ಕಾಣುತ್ತವೆ. ನಕ್ಷೆ ಇದ್ದರೆ ಒಂದರಿಂದ ಇನ್ನೊಂದು ತಾನಾಗಿ ಹೊರಡುತ್ತದೆ.

ಮಿದೋತ್ ಎಂಬ ಗ್ರಂಥದ 3ನೇ ಅಧ್ಯಾಯ ತೆರೆಯಿರಿ. ಮಿದೋತ್ ಎಂದರೆ ಅಳತೆಗಳು, ದೇವಾಲಯದ ಅಳತೆಯೇ ಅದರ ವಿಷಯ. ಅಳತೆಯ ಘಟಕ ಮೊಳ, ಹೆಚ್ಚೂಕಡಿಮೆ ಅರ್ಧ ಮೀಟರ್. ಗ್ರಾಫ್ ಪುಸ್ತಕದಲ್ಲಿ ಒಂದು ಚೌಕಕ್ಕೆ ಒಂದು ಮೊಳ ಇಟ್ಟುಕೊಳ್ಳಿ.

ಮೊದಲು 32ಕ್ಕೆ 32ರ ಚೌಕ. ಒಂದು ಮೊಳ ಮೇಲೆ ಹೋಗಿ ಒಂದು ಮೊಳ ಒಳಗೆ ಸರಿದರೆ 30ಕ್ಕೆ 30. ಹೊರಗೆ ಉಳಿದ ಈ ಒಂದು ಮೊಳದ ಅಂಚೇ ಯೆಸೋದ್, ಅಂದರೆ ಬುಡದ ಕಟ್ಟೆ. ಐದು ಮೊಳ ಮೇಲೇರಿ ಮತ್ತೆ ಒಂದು ಮೊಳ ಒಳಗೆ: 28ಕ್ಕೆ 28. ಈ ಅಂಚು ಸೋವೆವ್, ಯಾಜಕರು ಸುತ್ತ ನಡೆಯುವ ಕಟ್ಟೆ. ಮೇಲ್ಭಾಗದಲ್ಲಿ ನಾಲ್ಕು ಮೂಲೆಗಳ ಕೊಂಬುಗಳಿಗೆ ಸುತ್ತ ಒಂದೊಂದು ಮೊಳ, ಯಾಜಕರ ಕಾಲಿಗೆ ಇನ್ನೊಂದೊಂದು ಮೊಳ. ಕೊನೆಗೆ ಬೆಂಕಿಗೆ ಉಳಿಯುವುದು 24ಕ್ಕೆ 24. ದಕ್ಷಿಣಕ್ಕೆ ಮೆಟ್ಟಿಲಿಲ್ಲದ ಇಳಿಜಾರು ದಾರಿ, 32 ಮೊಳ ಉದ್ದ, 16 ಅಗಲ. ಈಗ ಪಕ್ಕದಲ್ಲಿ ವೇದಿಯ ಪಾರ್ಶ್ವನೋಟ ಬರೆದು, ಅರ್ಧ ಎತ್ತರದಲ್ಲಿ ಕೆಂಪು ಪೆನ್ಸಿಲಿನಿಂದ ಸುತ್ತ ಒಂದು ಗೆರೆ ಎಳೆಯಿರಿ. ಅಂಥ ಕೆಂಪು ಗೆರೆ ನಿಜವಾದ ವೇದಿಗೇ ಇತ್ತು, ಮೇಲಿನ ರಕ್ತ ಕೆಳಗಿನ ರಕ್ತ ಬೇರೆಯಾಗಲಿ ಎಂದು.

ಇನ್ನೊಂದು ವಿವರ ತಪ್ಪಿಸಬೇಡಿ. ಯೆಸೋದ್ ನಾಲ್ಕೂ ಕಡೆ ಇರಲಿಲ್ಲ. ಉತ್ತರದ ಉದ್ದಕ್ಕೂ ಪಶ್ಚಿಮದ ಉದ್ದಕ್ಕೂ ಇತ್ತು, ದಕ್ಷಿಣಕ್ಕೆ ಒಂದೇ ಮೊಳ, ಪೂರ್ವಕ್ಕೆ ಒಂದೇ ಮೊಳ ತಿರುಗಿಕೊಂಡಿತ್ತು. ಆಗ್ನೇಯ ಮೂಲೆಯಲ್ಲಿ ಇರಲೇ ಇಲ್ಲ. ನಕ್ಷೆಯಲ್ಲಿ ಆ ಮೂಲೆಯನ್ನು ಅಳಿಸಿ.

ಈಗ ನೋಡಿ ಇದರ ಫಲ. ಓಲಾದ ರಕ್ತದ ಬಗ್ಗೆ ಮಿಷ್ನಾ ಹೇಳುವುದು "ನಾಲ್ಕಾಗುವ ಎರಡು". ಪಾತ್ರೆಯಿಂದ ಒಂದು ಮೂಲೆಗೆ ಎರಚಿದರೆ ರಕ್ತ ಆ ಮೂಲೆಯ ಎರಡೂ ಬದಿಗೆ ಹರಡುತ್ತದೆ. ಎದುರುಬದುರಾದ ಎರಡು ಮೂಲೆಗೆ ಎರಚಿದರೆ ನಾಲ್ಕೂ ಬದಿ ಮುಟ್ಟಿತು. ಯಾವ ಎರಡು ಮೂಲೆ? ಆಗ್ನೇಯ-ವಾಯವ್ಯ ಒಂದು ಜೋಡಿ, ಈಶಾನ್ಯ-ನೈಋತ್ಯ ಇನ್ನೊಂದು. ಓಲಾದ ರಕ್ತ ಬೀಳುವ ಮೂಲೆಯ ಕೆಳಗೆ ಯೆಸೋದ್ ಇರಲೇಬೇಕು, ಆಗ್ನೇಯದಲ್ಲಿ ಅದಿಲ್ಲ. ಮೊದಲ ಜೋಡಿ ಹೋಯಿತು. ಉಳಿದದ್ದು ಈಶಾನ್ಯ ಮತ್ತು ನೈಋತ್ಯ. ದಿನನಿತ್ಯದ ಬಲಿಯ ವರ್ಣನೆ ಇರುವ ತಾಮಿದ್ ಗ್ರಂಥದ 4ನೇ ಅಧ್ಯಾಯ ತೆರೆದು ನೋಡಿ, ಯಾಜಕ ಹೋಗಿ ನಿಲ್ಲುವುದು ಇವೇ ಎರಡು ಮೂಲೆಗೆ. ಯಾರೂ ಹೇಳಿಕೊಡದೆ ನಕ್ಷೆಯೊಂದರಿಂದಲೇ ಇದು ನಿಮಗೆ ಹೊಳೆದರೆ, ಈ ಶಾಸ್ತ್ರದ ರುಚಿ ಸಿಕ್ಕಿತು ಎಂದೇ ಲೆಕ್ಕ.

ಕನ್ನಡದ ಓದುಗರು ವಿಶೇಷವಾಗಿ ಎಡವುವ ಜಾಗವೂ ಇಲ್ಲೇ ಇದೆ. ಖತಾತ್‌ನ ರಕ್ತವನ್ನು ಯಾಜಕ ಬೆರಳಿನಿಂದ ನಾಲ್ಕೂ ಕೊಂಬಿಗೆ ಹಚ್ಚಬೇಕು. ದಕ್ಷಿಣದ ಇಳಿಜಾರು ಹತ್ತಿ, ಉತ್ತರಕ್ಕೆ ಮುಖವಾಗಿ ನಿಂತವನು ಬಲಕ್ಕೆ ತಿರುಗುತ್ತಾನೆ: ಆಗ್ನೇಯ, ಈಶಾನ್ಯ, ವಾಯವ್ಯ, ನೈಋತ್ಯ. ಬೆರಳಿಟ್ಟು ಅನುಸರಿಸಿ ನೋಡಿ, ವೇದಿ ಅವನ ಎಡಕ್ಕಿರುತ್ತದೆ. ಪ್ರದಕ್ಷಿಣೆಗೆ ಒಗ್ಗಿದ ನಮ್ಮ ಕೈ ಬಾಣದ ಗುರುತನ್ನು ತಿರುವುಮುರುವಾಗಿ ಹಾಕಿಬಿಡುತ್ತದೆ. ಒಮ್ಮೆ ತಪ್ಪಿ ಹಾಕಿದರೆ ಮುಂದಿನ ಹತ್ತು ವಿಧಿಗಳು ಕೂಡುವುದಿಲ್ಲ.

ಕೆಂಪು ಗೆರೆಯ ಲೆಕ್ಕವನ್ನೂ ನಕ್ಷೆಯ ಅಂಚಿಗೆ ಬರೆದಿಡಿ, ಪಕ್ಷಿಬಲಿಗಳ ಕಿನಿಮ್ ಗ್ರಂಥದ ಮೊದಲ ಸಾಲೇ ಅದು: ಪಕ್ಷಿಯ ಖತಾತ್ ಕೆಳಗೆ, ಪ್ರಾಣಿಯ ಖತಾತ್ ಮೇಲೆ, ಪಕ್ಷಿಯ ಓಲಾ ಮೇಲೆ, ಪ್ರಾಣಿಯ ಓಲಾ ಕೆಳಗೆ.

ಹಂತ 3: ಜೆವಾಖಿಮ್ 5ನೇ ಅಧ್ಯಾಯ, ಒಂದು ಪಟ್ಟಿ

ಜೆವಾಖಿಮ್ ಎಂದರೆ ಪ್ರಾಣಿಬಲಿಗಳು. 14 ಅಧ್ಯಾಯಗಳ ಈ ಗ್ರಂಥವೇ ವಿಭಾಗದ ಮೊದಲನೆಯದು, ಎಲ್ಲರೂ ಮೊದಲ ಅಧ್ಯಾಯದಿಂದ ಹೊರಡುವುದು ಅದಕ್ಕೇ. ನೀವು 5ನೇ ಅಧ್ಯಾಯಕ್ಕೆ ಹೋಗಿ. ಎಂಟೇ ಎಂಟು ಪರಿಚ್ಛೇದ. ಎಲ್ಲ ಬಲಿಗಳ ಜಾಗ, ರಕ್ತ, ಊಟ, ಗಡುವು ಇಲ್ಲಿ ಸಾಲಾಗಿ ಇದೆ, ಪಂಡಿತರ ಭಿನ್ನಮತ ಒಂದೂ ಇಲ್ಲ. ಯೆಹೂದಿಗಳ ದಿನನಿತ್ಯದ ಬೆಳಗಿನ ಪ್ರಾರ್ಥನೆಯ ಪುಸ್ತಕದಲ್ಲಿ ಈ ಅಧ್ಯಾಯ ಪೂರ್ತಿಯಾಗಿ ಸೇರಿಕೊಂಡಿದೆ. ಹಾಗಾಗಿ ತಾಲ್ಮುದ್ ಓದದವರ ಬಾಯಲ್ಲೂ ಇದು ಓಡುತ್ತಿರುತ್ತದೆ.

ಪುಸ್ತಕ ಅಡ್ಡ ಹಿಡಿದು ಏಳು ಕಾಲಂ ಹಾಕಿ: ಬಲಿಯ ಹೆಸರು, ಕೊಯ್ಯುವ ಜಾಗ, ರಕ್ತ ಎಷ್ಟು ಸಲ ಎಲ್ಲಿಗೆ, ಉಳಿದ ರಕ್ತ ಎಲ್ಲಿಗೆ, ಯಾರು ತಿನ್ನಬಹುದು, ಎಲ್ಲಿ ತಿನ್ನಬಹುದು, ಎಷ್ಟು ಹೊತ್ತಿನವರೆಗೆ. ಒಂದೊಂದು ಪರಿಚ್ಛೇದ ಓದಿ ತುಂಬುತ್ತಾ ಹೋಗಿ. ಮಿಷ್ನಾ ಹೇಳದ್ದನ್ನು ಊಹಿಸಿ ತುಂಬಬೇಡಿ, ಖಾಲಿ ಬಿಡಿ.

ಪಟ್ಟಿ ಮುಗಿದಾಗ ಎರಡು ಗುಂಪು ಕಣ್ಣಿಗೆ ಕಟ್ಟುತ್ತದೆ. ಓಲಾ, ಖತಾತ್, ಆಶಾಮ್ "ಪವಿತ್ರಗಳಲ್ಲಿ ಪವಿತ್ರ". ಇವನ್ನು ದೇವಾಲಯದ ಅಂಗಳದ ಉತ್ತರದಲ್ಲೇ ಕೊಯ್ಯಬೇಕು. ಓಲಾ ಪೂರ್ತಿ ಸುಡುತ್ತದೆ, ಉಳಿದೆರಡರ ಮಾಂಸ ಗಂಡು ಯಾಜಕರಿಗೆ, ಅಂಗಳದೊಳಗೆ, ಆ ಹಗಲು ಮತ್ತು ಮುಂದಿನ ರಾತ್ರಿ ಮಾತ್ರ. ತೋದಾ, ಶೆಲಾಮಿಮ್, ಪಸ್ಕದ (ಈಜಿಪ್ಟಿನಿಂದ ಬಿಡುಗಡೆಯ ನೆನಪಿನ ಹಬ್ಬದ) ಕುರಿ "ಹಗುರ ಪವಿತ್ರ". ಅಂಗಳದಲ್ಲಿ ಎಲ್ಲಾದರೂ ಕೊಯ್ಯಬಹುದು, ಜೆರುಸಲೇಮ್ ಊರೊಳಗೆ ಎಲ್ಲಾದರೂ ತಿನ್ನಬಹುದು. ಗಡುವು ಮಾತ್ರ ಬೇರೆಬೇರೆ. ತೋದಾಗೆ ಒಂದು ಹಗಲು ಒಂದು ರಾತ್ರಿ. ಶೆಲಾಮಿಮ್‌ಗೆ ಎರಡು ಹಗಲು, ನಡುವಿನ ಒಂದು ರಾತ್ರಿ. ಪಸ್ಕದ ಕುರಿ ರಾತ್ರಿ ಮಾತ್ರ, ನಡುರಾತ್ರಿಯವರೆಗೆ ಮಾತ್ರ, ಮೊದಲೇ ಹೆಸರು ಸೇರಿಸಿಕೊಂಡವರಿಗೆ ಮಾತ್ರ, ಬೆಂಕಿಯಲ್ಲಿ ಸುಟ್ಟದ್ದು ಮಾತ್ರ.

ಇಲ್ಲಿ "ನಡುರಾತ್ರಿಯವರೆಗೆ" ಎಂಬ ಮಾತು ಪದೇಪದೇ ಬರುತ್ತದೆ. ಖತಾತ್, ಆಶಾಮ್, ತೋದಾಗಳ ಮಟ್ಟಿಗೆ ಅದನ್ನು ಮೂಲ ನಿಯಮ ಎಂದುಕೊಳ್ಳಬೇಡಿ. ಮಿಷ್ನಾದ ಮೊಟ್ಟಮೊದಲ ಗ್ರಂಥವಾದ ಬೆರಾಖೋತ್ ತನ್ನ ಮೊದಲ ಪರಿಚ್ಛೇದದಲ್ಲೇ ಇದನ್ನು ಬಿಡಿಸಿ ಹೇಳಿದೆ: ಒಂದು ದಿನದೊಳಗೆ ತಿನ್ನಬೇಕಾದವುಗಳ ನಿಜವಾದ ಗಡುವು ಬೆಳಗು ಹರಿಯುವವರೆಗೆ; ಮನುಷ್ಯ ತಪ್ಪಿಗೆ ಬೀಳದಿರಲಿ ಎಂದು ಪಂಡಿತರು ನಡುರಾತ್ರಿಗೆ ಬೇಲಿ ಹಾಕಿದರು. ಪಟ್ಟಿಯಲ್ಲಿ ಎರಡನ್ನೂ ಬೇರೆಬೇರೆ ಬಣ್ಣದಲ್ಲಿ ಬರೆಯಿರಿ. ಮುಂದಿನ ಹಂತದಲ್ಲಿ ಇದರ ಅಗತ್ಯ ಬೀಳುತ್ತದೆ.

ಹಂತ 4: ನಾಲ್ಕು ಕೆಲಸ, ಒಂದು ಮನಸ್ಸು

ಈಗ ಜೆವಾಖಿಮ್ 1ರಿಂದ 4ರವರೆಗಿನ ಅಧ್ಯಾಯಗಳಿಗೆ ಹಿಂತಿರುಗಿ. ಕಠಿಣ ಭಾಗ ಇದು, ಆತುರ ಬೇಡ. ವಾರಕ್ಕೊಂದು ಅಧ್ಯಾಯ ಸಾಕು.

ರಕ್ತದ ಸುತ್ತ ನಾಲ್ಕು ಕೆಲಸಗಳಿವೆ: ಕೊಯ್ಯುವುದು, ರಕ್ತವನ್ನು ಪಾತ್ರೆಯಲ್ಲಿ ಹಿಡಿಯುವುದು, ವೇದಿಯ ಹತ್ತಿರ ಒಯ್ಯುವುದು, ಎರಚುವುದು. ಕೊಯ್ಯುವುದಕ್ಕೆ ಯಾಜಕನೇ ಬೇಕು ಎಂದು ಎಲ್ಲರೂ ಊಹಿಸುತ್ತಾರೆ, ತಪ್ಪು. 3ನೇ ಅಧ್ಯಾಯದ ಮೊದಲ ಸಾಲೇ ಹೇಳುತ್ತದೆ: ಯಾಜಕರಲ್ಲದವರು, ಹೆಂಗಸರು, ದಾಸರು ಕೊಯ್ದರೂ ಬಲಿ ಸಲ್ಲುತ್ತದೆ. ಯಾಜಕನ ಕೆಲಸ ಶುರುವಾಗುವುದು ರಕ್ತ ಹಿಡಿಯುವ ಕ್ಷಣದಿಂದ.

ಈ ನಾಲ್ಕರಲ್ಲಿ ಯಾವುದನ್ನು ಮಾಡುವಾಗಲಾದರೂ ಮಾಡುವವನ ಮನಸ್ಸಿನಲ್ಲಿ ತಪ್ಪು ಯೋಚನೆ ಬಂದರೆ ಬಲಿ ಕೆಡಬಹುದು. ತಪ್ಪು ಯೋಚನೆ ಮೂರು ಬಗೆ.

ಒಂದು, ಬೇರೆ ಬಲಿಯ ಹೆಸರಿನಲ್ಲಿ. ಓಲಾ ಎಂದು ಮೀಸಲಿಟ್ಟ ಕುರಿಯನ್ನು ಶೆಲಾಮಿಮ್ ಎಂದುಕೊಂಡು ಕೊಯ್ದರೆ? ಜೆವಾಖಿಮ್‌ನ ಮೊದಲ ವಾಕ್ಯದ ಉತ್ತರ: ಬಲಿ ಕೆಡುವುದಿಲ್ಲ, ಅದನ್ನು ಮುಂದುವರಿಸಬೇಕು, ಆದರೆ ತಂದವನ ಹರಕೆ ತೀರಲಿಲ್ಲ, ಅವನು ಇನ್ನೊಂದು ತರಬೇಕು. ಎರಡಕ್ಕೆ ಮಾತ್ರ ವಿನಾಯಿತಿ ಇಲ್ಲ: ಖತಾತ್, ಮತ್ತು ಪಸ್ಕದ ಸಮಯದಲ್ಲಿ ಪಸ್ಕದ ಕುರಿ. ಇವು ಪೂರ್ತಿ ಕೆಟ್ಟುಹೋಗುತ್ತವೆ.

ಎರಡು, ಜಾಗದ ಆಚೆ. "ಈ ಮಾಂಸವನ್ನು ಊರ ಗೋಡೆಯ ಹೊರಗೆ ತಿನ್ನುತ್ತೇನೆ" ಎಂದುಕೊಂಡು ಶೆಲಾಮಿಮ್ ಕೊಯ್ದರೆ ಬಲಿ ಕೆಟ್ಟಿತು. ತಿಂದವನಿಗೆ ಕಾರೆತ್ ಇಲ್ಲ. ಕಾರೆತ್ ಎಂದರೆ ದೇವರ ಕೈಯಿಂದಲೇ ಜನರ ನಡುವಿನಿಂದ ಕತ್ತರಿಸಿಹೋಗುವ ಶಿಕ್ಷೆ, ನ್ಯಾಯಾಲಯ ಕೊಡುವಂಥದ್ದಲ್ಲ.

ಮೂರು, ಹೊತ್ತಿನ ಆಚೆ. "ಈ ಮಾಂಸವನ್ನು ಮೂರನೆಯ ದಿನ ತಿನ್ನುತ್ತೇನೆ" ಎಂದುಕೊಂಡು ಶೆಲಾಮಿಮ್ ಕೊಯ್ದರೆ ಅದು ಪಿಗುಲ್. ಮುಂದಿನ ರಕ್ತದ ಕೆಲಸಗಳೆಲ್ಲ ಸರಿಯಾಗಿ ನಡೆದಿದ್ದರೆ, ಆಮೇಲೆ ಆ ಮಾಂಸವನ್ನು ಅದೇ ದಿನ, ಸರಿಯಾದ ಜಾಗದಲ್ಲೇ ತಿಂದರೂ ತಿಂದವನಿಗೆ ಕಾರೆತ್. ನಡೆಯದೇ ಹೋದ ಒಂದು ಯೋಚನೆಗೆ ಇಷ್ಟು ಬೆಲೆ.

ಇನ್ನೂ ಸೂಕ್ಷ್ಮ ಇದೆ. ಕೊಯ್ಯುವಾಗ ಜಾಗದ ಆಚೆಯ ಯೋಚನೆ, ರಕ್ತ ಹಿಡಿಯುವಾಗ ಹೊತ್ತಿನ ಆಚೆಯ ಯೋಚನೆ, ಎರಡೂ ಬಂದರೆ ಬಲಿ ಕೆಟ್ಟಿದೆ ಆದರೆ ಪಿಗುಲ್ ಅಲ್ಲ. ಹೊತ್ತಿನ ಯೋಚನೆಯೊಂದನ್ನು ಬಿಟ್ಟು ಬೇರಾವ ದೋಷವೂ ಇಲ್ಲದಿದ್ದರಷ್ಟೇ ಪಿಗುಲ್. ಇದಕ್ಕೆಲ್ಲ ಕನಿಷ್ಠ ಅಳತೆ ಒಂದು ಆಲಿವ್ ಕಾಯಿಯಷ್ಟು. ಅರ್ಧ ಆಲಿವ್ ತಿನ್ನುವ ಯೋಚನೆ, ಅರ್ಧ ಆಲಿವ್ ಸುಡುವ ಯೋಚನೆ ಕೂಡುವುದಿಲ್ಲ, ಯಾಕೆಂದರೆ ತಿನ್ನುವುದು ಬೇರೆ ಸುಡುವುದು ಬೇರೆ.

ಎರಡು ಎಚ್ಚರಿಕೆ. ಪಿಗುಲ್ ಮತ್ತು ನೋತಾರ್ ಒಂದೇ ಅಲ್ಲ. ನೋತಾರ್ ಎಂದರೆ ಗಡುವು ಮೀರಿ ನಿಜವಾಗಿ ಉಳಿದ ಮಾಂಸ. ಪಿಗುಲ್ ಕೆಲಸದ ಹೊತ್ತಿನ ಮನಸ್ಸಿನಲ್ಲಿ ಹುಟ್ಟಿದ್ದು. ಶಿಕ್ಷೆ ಒಂದೇ ಆದ್ದರಿಂದ ಬಹಳ ಜನ ಕಲಸಿಕೊಳ್ಳುತ್ತಾರೆ.

ಇನ್ನೊಂದು ಶ್ರೌತಯಾಗ ಬಲ್ಲವರಿಗೆ. ಇದೆಲ್ಲ ನಮ್ಮ ಸಂಕಲ್ಪವೇ ಎಂದು ತಕ್ಷಣ ಸಮೀಕರಿಸಬೇಡಿ. ಸಂಕಲ್ಪ ಯಜಮಾನನದು, ಕರ್ಮದ ಆರಂಭದಲ್ಲಿ, ಬಾಯಿಬಿಟ್ಟು ಹೇಳುವಂಥದ್ದು. ಇಲ್ಲಿ ಎಣಿಕೆಗೆ ಬರುವುದು ಬಲಿ ತಂದವನ ಮನಸ್ಸಲ್ಲ, ಆ ಕ್ಷಣ ಕತ್ತಿ ಅಥವಾ ಪಾತ್ರೆ ಹಿಡಿದವನದು. 4ನೇ ಅಧ್ಯಾಯದ ಕೊನೆಯ ಪರಿಚ್ಛೇದ ಇದನ್ನು ನೇರವಾಗಿ ಹೇಳುತ್ತದೆ. ಅಲ್ಲೇ ರಬ್ಬಿ ಯೋಸೆ, ಮನಸ್ಸಿನಲ್ಲಿ ಏನೂ ಇಲ್ಲದೆ ಸುಮ್ಮನೆ ಕೊಯ್ದರೂ ಬಲಿ ಸರಿ ಎನ್ನುತ್ತಾರೆ. ಒಳ್ಳೆಯ ಯೋಚನೆ ಇರಲೇಬೇಕೆಂಬ ಹಟ ಇಲ್ಲ, ಕೆಟ್ಟದ್ದು ಇರಬಾರದು. ಮೀಮಾಂಸೆಯ ಓದು ನಿಮಗೆ ಪ್ರಶ್ನೆ ಕೇಳುವ ಅಭ್ಯಾಸ ಕೊಟ್ಟಿರುತ್ತದೆ, ಅದನ್ನು ತನ್ನಿ. ಉತ್ತರಗಳನ್ನು ಅಲ್ಲಿಂದ ತರಬೇಡಿ.

ಹಂತ 5: ಒಂದು ಹಿಡಿ ಹಿಟ್ಟು

ಮೆನಾಖೋತ್ ಧಾನ್ಯದ ಕಾಣಿಕೆಗಳ ಗ್ರಂಥ. ಅದರ 1ನೇ ಅಧ್ಯಾಯವನ್ನು ನಿಮ್ಮ ನಾಲ್ಕು ಕೆಲಸಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಓದಿ. ಕೊಯ್ಯುವುದರ ಜಾಗದಲ್ಲಿ ಕೆಮಿತ್ಸಾ, ಅಂದರೆ ಹಿಟ್ಟಿನಿಂದ ಹಿಡಿ ತೆಗೆಯುವುದು, ರಕ್ತ ಹಿಡಿಯುವುದರ ಜಾಗದಲ್ಲಿ ಅದನ್ನು ಪಾತ್ರೆಗೆ ಹಾಕುವುದು, ಒಯ್ಯುವುದು ಹಾಗೆಯೇ, ಎರಚುವುದರ ಜಾಗದಲ್ಲಿ ವೇದಿಯ ಮೇಲೆ ಸುಡುವುದು. ಪಿಗುಲ್‌ನ ನಿಯಮಗಳು ಹಾಗೆಹಾಗೆಯೇ ಇಲ್ಲಿಗೆ ಬರುತ್ತವೆ. ಒಂದೇ ವ್ಯತ್ಯಾಸ, ಇಲ್ಲಿ ಹಿಡಿ ತೆಗೆಯುವವನು ಯಾಜಕನೇ ಆಗಿರಬೇಕು.

ಆ ಹಿಡಿಯನ್ನು ತೆಗೆಯುವ ಬಗೆ ನೋಡಿ. ಯಾಜಕ ಬಲಗೈಯ ನಡುವಿನ ಮೂರು ಬೆರಳನ್ನು ಅಂಗೈಗೆ ಮಡಚಿ ಹಿಟ್ಟನ್ನು ಹಿಡಿಯುತ್ತಾನೆ. ಬಾಣಲೆಯಲ್ಲಿ ಮಾಡಿದ ಕಾಣಿಕೆಗಳಲ್ಲಿ ಹೊರಗೆ ಉಬ್ಬಿ ಬಂದದ್ದನ್ನು ಮೇಲೆ ಹೆಬ್ಬೆರಳಿನಿಂದ, ಕೆಳಗೆ ಕಿರುಬೆರಳಿನಿಂದ ಸವರಿ ತೆಗೆಯುತ್ತಾನೆ. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಹಿಡಿಯೊಳಗೆ ಒಂದು ಸಣ್ಣ ಕಲ್ಲೋ, ಉಪ್ಪಿನ ಹರಳೋ, ಧೂಪದ ಚೂರೋ ಸಿಕ್ಕಿದರೆ ಕಾಣಿಕೆ ಕೆಟ್ಟಿತು, ಯಾಕೆಂದರೆ ಆ ಹರಳಿನಷ್ಟು ಹಿಟ್ಟು ಕಡಿಮೆಯಾಯಿತಲ್ಲ. ದೇವಾಲಯದ ಅತ್ಯಂತ ಕಷ್ಟದ ಕೆಲಸಗಳಲ್ಲಿ ಇದೊಂದು ಎಂದು ಗೆಮಾರಾ ಹೇಳುತ್ತದೆ. ನಿಮ್ಮ ಅಡುಗೆಮನೆಯ ಹಿಟ್ಟಿನ ಡಬ್ಬಿಯಲ್ಲಿ ಒಮ್ಮೆ ಮಾಡಿ ನೋಡಿ, ಯಾಕೆ ಹಾಗಂದರು ಎಂದು ಕೈಗೇ ಗೊತ್ತಾಗುತ್ತದೆ.

ಈ ಗ್ರಂಥ 3ನೇ ಅಧ್ಯಾಯದ ಕೊನೆಯಲ್ಲಿ ತೆಫಿಲಿನ್ (ಪ್ರಾರ್ಥನೆಯಲ್ಲಿ ಕಟ್ಟಿಕೊಳ್ಳುವ ಚರ್ಮದ ಪೆಟ್ಟಿಗೆಗಳು), ಮೆಜೂಜಾ (ಬಾಗಿಲಿಗೆ ಹಚ್ಚುವ ವಚನಗಳ ಸುರುಳಿ) ಮುಂತಾದ ವಿಷಯಗಳಿಗೂ ಹೊರಳುತ್ತದೆ. ದಾರಿ ತಪ್ಪಿದೆ ಎಂದು ಗಾಬರಿಯಾಗಬೇಡಿ. ಒಂದು ಅಂಗ ಇಲ್ಲದಿದ್ದರೆ ಪೂರ್ತಿ ಕೆಡುವ ವಸ್ತುಗಳ ಪಟ್ಟಿ ಕೊಡುತ್ತಾ ಅಲ್ಲಿಗೆ ಹೋಗಿರುತ್ತದೆ.

ಹಂತ 6: ಉಳಿದ ಗ್ರಂಥಗಳು, ಯಾವ ಕ್ರಮದಲ್ಲಿ

ಇಷ್ಟಾದ ಮೇಲೆ ತಾಮಿದ್ ಪೂರ್ತಿ ಓದಿ. ಅದು ಕಥನದ ಹಾಗೆ ಸಾಗುತ್ತದೆ, ದೇವಾಲಯದ ಒಂದು ಬೆಳಗಿನ ವರ್ಣನೆ. ಕೊಯ್ಯುವ ಹೊತ್ತಾಯಿತೇ ನೋಡಿ ಬಾ ಎಂದು ಒಬ್ಬನನ್ನು ಕಳಿಸುತ್ತಾರೆ, ಪೂರ್ವದಿಕ್ಕೆಲ್ಲ ಹೆಬ್ರೋನ್‌ವರೆಗೆ ಬೆಳಗಿತೇ ಎಂದು ಕೇಳುತ್ತಾರೆ, ಹೌದು ಎನ್ನುತ್ತಾನೆ. ನಕ್ಷೆ ಪಕ್ಕದಲ್ಲಿಟ್ಟುಕೊಂಡು ಓದಿದರೆ ಯಾಜಕರು ನಡೆಯುವುದು ಕಾಣುತ್ತದೆ.

ನಂತರ ಮೆಇಲಾ: ಪವಿತ್ರ ಸ್ವತ್ತಿನ ದುರ್ಬಳಕೆ. ಅರಿಯದೆ ಬಳಸಿದವನು ಅಸಲು, ಅದರ ಮೇಲೆ ಐದನೆಯ ಒಂದು ಭಾಗ, ಜೊತೆಗೆ ಆಶಾಮ್ ಕೊಡಬೇಕು. ಲೆಕ್ಕದಲ್ಲಿ ಎಡವಬೇಡಿ. ಇಲ್ಲಿ ಐದನೆಯ ಒಂದು ಎಂದರೆ ಕೊನೆಯ ಮೊತ್ತದ ಐದನೆಯ ಒಂದು. ಅಸಲು 4 ದಿನಾರ್ ಆದರೆ ಕೊಡಬೇಕಾದದ್ದು 5. ಇದರ ವ್ಯಾಪ್ತಿ ಎಷ್ಟೆಂದರೆ, ವೇದಿಯ ಬುಡದಿಂದ ಕಾಲುವೆಯಲ್ಲಿ ಕಿದ್ರೋನ್ ಕಣಿವೆಗೆ ಹರಿದುಹೋಗುತ್ತಿದ್ದ ರಕ್ತವನ್ನು ತೋಟದವರಿಗೆ ಗೊಬ್ಬರಕ್ಕೆ ಮಾರುತ್ತಿದ್ದರು, ದುಡ್ಡು ಕೊಡದೆ ಬಳಸಿದರೆ ಅದಕ್ಕೂ ಮೆಇಲಾ ಎಂದು ಯೋಮಾ ಗ್ರಂಥದ ಮಿಷ್ನಾ ಹೇಳಿದೆ.

ತೆಮುರಾ (ಮೀಸಲಿಟ್ಟ ಪ್ರಾಣಿಗೆ ಬದಲಿ ಇಡುವುದು), ಅರಾಖಿನ್ (ಮನುಷ್ಯನ ಬೆಲೆಯನ್ನು ಹರಕೆ ಹೊರುವುದು), ಬೆಖೋರೋತ್ (ಚೊಚ್ಚಲುಗಳು), ಕೆರಿತೋತ್ (ಕಾರೆತ್ ಬರುವ 36 ಅಪರಾಧಗಳು) ಯಾವ ಕ್ರಮದಲ್ಲಿ ಓದಿದರೂ ನಡೆಯುತ್ತದೆ. ಖುಲಿನ್ ಈ ವಿಭಾಗದಲ್ಲಿದ್ದರೂ ಬಲಿಯಲ್ಲದ ಸಾಮಾನ್ಯ ಮಾಂಸದ ಗ್ರಂಥ. ಕೋಷರ್, ಅಂದರೆ ಯೆಹೂದಿ ಆಹಾರದ ನಿಯಮಗಳ ಬುಡ ಅದೇ ಆದ್ದರಿಂದ ಇಡೀ ವಿಭಾಗದಲ್ಲಿ ಹೆಚ್ಚು ಓದಿಸಿಕೊಂಡಿರುವುದೂ ಅದೇ. ನಿಮ್ಮ ಆಸಕ್ತಿ ಬಲಿಯಲ್ಲಿದ್ದರೆ ಅದನ್ನು ಪಕ್ಕಕ್ಕಿಡಿ. ಕಿನಿಮ್ ಮೂರೇ ಅಧ್ಯಾಯ ನೋಡಿ ಮೊದಲೇ ಮುಗಿಸುವ ಆಸೆಯಾಗುತ್ತದೆ, ಬೇಡ. ಹಲವರ ಪಕ್ಷಿಜೋಡಿಗಳು ಬೆರೆತುಹೋದರೆ ಎಷ್ಟು ಸಲ್ಲುತ್ತವೆ ಎಂಬ ಗಣಿತದ ಒಗಟುಗಳು ಅವು, ಪಳಗಿದವರನ್ನೂ ಕಾಡುತ್ತವೆ. ಕೊನೆಗಿರಲಿ.

ಹಂತ 7: ಗೆಮಾರಾಗೆ ಇಳಿಯುವಾಗ

ಮಿಷ್ನಾ ಕೈಗೆ ಬಂದ ಮೇಲೆಯೇ ಗೆಮಾರಾ. ತಾಲ್ಮುದ್ ಎರಡು, ಬ್ಯಾಬಿಲೋನಿಯನ್ ಮತ್ತು ಜೆರುಸಲೇಮ್. ಕೊದಾಶಿಮ್‌ಗೆ ಇರುವುದು ಬ್ಯಾಬಿಲೋನಿಯನ್ ತಾಲ್ಮುದ್ ಮಾತ್ರ, ಮಿದೋತ್ ಮತ್ತು ಕಿನಿಮ್‌ಗೆ ಅದೂ ಇಲ್ಲ. "ಕೊದಾಶಿಮ್‌ನ ಜೆರುಸಲೇಮ್ ತಾಲ್ಮುದ್" ಎಂಬ ಹಳೆಯ ಪುಸ್ತಕದ ಪ್ರತಿ ಎಲ್ಲಾದರೂ ಕಣ್ಣಿಗೆ ಬಿದ್ದರೆ ನಂಬಬೇಡಿ. 1907ರಿಂದ ಶ್ಲೋಮೋ ಫ್ರೀಡ್‌ಲೆಂಡರ್ ಎಂಬಾತ ಹಸ್ತಪ್ರತಿ ಸಿಕ್ಕಿತೆಂದು ಹೇಳಿ ಅಚ್ಚು ಹಾಕಿಸಿದ್ದು ಅದು, ನಕಲಿ ಎಂದು ಬೇಗನೇ ಬಯಲಾಯಿತು.

ಶತಮಾನಗಳ ಕಾಲ ಕಡಿಮೆ ಜನ ಓದಿದ್ದರಿಂದ ಈ ವಿಭಾಗದ ಪಠ್ಯದಲ್ಲಿ ಲಿಪಿಕಾರರ ತಪ್ಪುಗಳು ಹೆಚ್ಚು ಉಳಿದಿವೆ. ಹದಿನಾರನೆಯ ಶತಮಾನದ ಬೆತ್ಸಲೆಲ್ ಅಶ್ಕೆನಾಜಿ ಹಸ್ತಪ್ರತಿಗಳನ್ನು ಹೋಲಿಸಿ ಮಾಡಿದ ತಿದ್ದುಪಡಿಗಳು ಅಚ್ಚಿನ ತಾಲ್ಮುದ್‌ನ ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿರುತ್ತವೆ. ವಾಕ್ಯ ಕೂಡಿಬರದಿದ್ದರೆ ಮೊದಲು ಅಂಚು ನೋಡಿ.

ಚರ್ಚೆಯ ನಡುವೆ ಕಳೆದುಹೋದಾಗ ರಂಬಾಮರ ಸಂಹಿತೆಯಲ್ಲಿ ಬಲಿಗಳ ನಡಾವಳಿ ಮತ್ತು ಕೆಟ್ಟ ಬಲಿಗಳ ಭಾಗಗಳನ್ನು ತೆರೆಯಿರಿ. ಕೊನೆಯ ತೀರ್ಮಾನ ಏನೆಂದು ಶುದ್ಧವಾಗಿ ಬರೆದಿರುತ್ತಾರೆ. ಅಲ್ಲಿಂದಲೇ ಶುರು ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅವರು ವಾದ ತೋರಿಸುವುದಿಲ್ಲ, ಫಲಿತಾಂಶ ಮಾತ್ರ ಕೊಡುತ್ತಾರೆ.

1923ರಲ್ಲಿ ಮೇಯರ್ ಶಪಿರೋ ಶುರು ಮಾಡಿದ ದಾಫ್ ಯೋಮಿ, ದಿನಕ್ಕೊಂದು ಹಾಳೆಯ ಓದು, ಇಂದು ಜಗತ್ತಿನಾದ್ಯಂತ ನಡೆಯುತ್ತದೆ. 2,711 ಹಾಳೆ, ಏಳೂವರೆ ವರ್ಷ. ಹೊಸಬರಿಗೆ ಕೊದಾಶಿಮ್‌ನಲ್ಲಿ ಆ ವೇಗ ಹೆಚ್ಚಾಯಿತು. ವಾರಕ್ಕೆ ಒಂದು ಪುಟ ಇಟ್ಟುಕೊಳ್ಳಿ. ಆಗುವುದಾದರೆ ಜೊತೆಗೊಬ್ಬರನ್ನು ಹುಡುಕಿಕೊಳ್ಳಿ. ಯೆಹೂದಿ ಪಾಠಶಾಲೆಗಳಲ್ಲಿ ಇಬ್ಬಿಬ್ಬರು ಎದುರುಬದುರು ಕೂತು ಗಟ್ಟಿಯಾಗಿ ಓದಿ ವಾದಿಸುತ್ತಾರೆ, ಅದಕ್ಕೆ ಖವ್ರೂತಾ ಎನ್ನುತ್ತಾರೆ. ವೀಡಿಯೊ ಕರೆಯಲ್ಲೂ ಇದು ಚೆನ್ನಾಗಿಯೇ ನಡೆಯುತ್ತದೆ.

ಮುಂದೆ ಹೋಗಬಹುದೇ? ನಾಲ್ಕು ಪ್ರಶ್ನೆ

ಗೆಮಾರಾ ತೆರೆಯುವ ಮುನ್ನ ಪುಸ್ತಕ ಮುಚ್ಚಿ ಉತ್ತರಿಸಿ.

1. ಪ್ರಾಣಿಯ ಓಲಾದ ರಕ್ತವನ್ನು ಆಗ್ನೇಯ ಮೂಲೆಗೆ ಯಾಕೆ ಎರಚುವುದಿಲ್ಲ?
2. ಪಕ್ಷಿಯ ಖತಾತ್‌ನ ರಕ್ತ ಕೆಂಪು ಗೆರೆಯ ಮೇಲೋ ಕೆಳಗೋ?
3. ಸೋಮವಾರ ಬೆಳಿಗ್ಗೆ ಕೊಯ್ದ ತೋದಾ ಮತ್ತು ಶೆಲಾಮಿಮ್: ಮಂಗಳವಾರ ಮಧ್ಯಾಹ್ನ ಯಾವುದನ್ನು ತಿನ್ನಬಹುದು?
4. ಶೆಲಾಮಿಮ್ ಕೊಯ್ಯುವಾಗ "ಮಾಂಸವನ್ನು ನಾಳೆ ತಿನ್ನುತ್ತೇನೆ" ಎಂದುಕೊಂಡರೆ ಏನು? "ಕೊಬ್ಬನ್ನು ನಾಳೆ ವೇದಿಯಲ್ಲಿ ಸುಡುತ್ತೇನೆ" ಎಂದುಕೊಂಡರೆ ಏನು?

ಮೊದಲ ಮೂರಕ್ಕೆ ಉತ್ತರ ನಿಮ್ಮ ನಕ್ಷೆಯಲ್ಲೂ ಪಟ್ಟಿಯಲ್ಲೂ ಇದೆ: ಅಲ್ಲಿ ಯೆಸೋದ್ ಇಲ್ಲ, ಕೆಳಗೆ, ಶೆಲಾಮಿಮ್ ಮಾತ್ರ. ನಾಲ್ಕನೆಯದರಲ್ಲಿ ಮೊದಲ ಯೋಚನೆಯಿಂದ ಏನೂ ಆಗುವುದಿಲ್ಲ, ಮಾಂಸಕ್ಕೆ ನಾಳೆಯೂ ಹೊತ್ತಿದೆ. ಎರಡನೆಯದು ಪಿಗುಲ್, ಯಾಕೆಂದರೆ ಕೊಬ್ಬಿನ ಹೊತ್ತು ಆ ರಾತ್ರಿ ಬೆಳಗು ಹರಿಯುವವರೆಗೆ ಮಾತ್ರ. ಒಂದೇ ಪ್ರಾಣಿಯ ಎರಡು ಭಾಗಕ್ಕೆ ಎರಡು ಗಡುವು. ನಾಲ್ಕನೆಯದು ತಪ್ಪಿದ್ದರೆ 2ನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ, ಪಟ್ಟಿಗೆ "ಸುಡುವ ಗಡುವು" ಎಂಬ ಎಂಟನೆಯ ಕಾಲಂ ಸೇರಿಸಿಕೊಂಡು ಜೆವಾಖಿಮ್‌ನ ಗೆಮಾರಾ ತೆರೆಯಿರಿ. ಅದು ಶುರುವಾಗುವುದು ಎರಡನೆಯ ಹಾಳೆಯಿಂದ. ತಾಲ್ಮುದ್‌ನ ಅಚ್ಚಿನಲ್ಲಿ ಬಹುತೇಕ ಗ್ರಂಥಗಳ ಪಠ್ಯ ಎರಡರಿಂದಲೇ ಆರಂಭವಾಗುತ್ತದೆ, ಮೊದಲ ಹಾಳೆ ಕಾಣೆಯಾಗಿದೆ ಎಂದು ಹುಡುಕುತ್ತಾ ಕೂರಬೇಡಿ.